ವಾಲ್ವ್ ಬದಲಾಯಿಸಿದ ಮೇಲೆ ತೂಕದ ಲೆಕ್ಕ ಇಡುವುದು ಹೇಗೆ

ಹೃದಯದ ವಾಲ್ವ್ ಬದಲಾಯಿಸಿಕೊಂಡು ಮನೆಗೆ ಬಂದವರಲ್ಲಿ ದಿನದೊಳಗೆ ಏರುವ ತೂಕ ನೀರಿನದು, ತಿಂಗಳುಗಟ್ಟಲೆ ಏರುವುದು ಕೊಬ್ಬಿನದು. ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ, ಮೈಯಲ್ಲಿ ನೀರು ತುಂಬುತ್ತಿರುವಾಗ ಊಟ ಮೈಗೆ ಹತ್ತುತ್ತಿದೆ ಎಂದು ಮನೆಯವರು ಸಮಾಧಾನಪಡುತ್ತಾರೆ.

ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿಬಂದು, ಕಾಫಿಗೆ ಮುಂಚೆ ತೂಕ ನೋಡಿ. ಪ್ರತಿದಿನ ಅದೇ ಯಂತ್ರ, ಹೆಚ್ಚುಕಡಿಮೆ ಅಷ್ಟೇ ಬಟ್ಟೆ. ಯಂತ್ರ ಜಮಖಾನದ ಮೇಲಿದ್ದರೆ ಲೆಕ್ಕ ತಪ್ಪುತ್ತದೆ, ಗಟ್ಟಿ ನೆಲದ ಮೇಲಿಡಿ. ಮನೆಗೆ ಬಂದ ಮರುದಿನದ ತೂಕವನ್ನೇ ಆಧಾರವಾಗಿಟ್ಟುಕೊಂಡು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋಗಿ. ಆಪರೇಷನ್ ವೇಳೆ ಸೇರಿದ ನೀರು ಇಳಿಯುವುದರಿಂದ ಮೊದಲ ಕೆಲವು ದಿನ ತೂಕ ಕಡಿಮೆಯಾಗುವುದು ಸಹಜ.

ಒಂದೇ ದಿನದಲ್ಲಿ 1ರಿಂದ 1.5 ಕಿಲೋ, ಅಥವಾ ವಾರದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಮೇಲೆ ಬೆರಳೊತ್ತಿದಾಗ ಕುಳಿ ಉಳಿಯುತ್ತದೆಯೇ ನೋಡಿ ಹೇಳಿ. ಕಾರಣ ಉಪ್ಪಿರಬಹುದು, ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಲ್ಯಾಸಿಕ್ಸ್ ಮಾತ್ರೆ ತಪ್ಪಿಸಿದ್ದಿರಬಹುದು. ಎದೆಬಡಿತದ ಲಯ ತಪ್ಪಿದ್ದು, ವಾಲ್ವಿನ ಪಕ್ಕದ ಸೋರಿಕೆ, ಹೃದಯದ ಸುತ್ತ ನೀರು ನಿಂತದ್ದೂ ಇರಬಹುದು. ಆದ್ದರಿಂದ ನೀವಾಗಿಯೇ ಲ್ಯಾಸಿಕ್ಸ್ ಹೆಚ್ಚಿಸಬೇಡಿ. ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅಥವಾ ತಲೆ ಸುತ್ತಿ ಬಿದ್ದರೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟರ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಇದರಲ್ಲೇ ಸೇರುತ್ತದೆ. ನೀರಿಗೆ ಮಿತಿ ಹಾಕಿದ್ದರೆ ಸಾರು, ಮಜ್ಜಿಗೆ, ಗಂಜಿಯನ್ನೂ ಅದರಲ್ಲೇ ಎಣಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ತೂಕ ಇಳಿಯುತ್ತಲೇ ಹೋದರೆ ಅದೂ ಒಳ್ಳೆಯದಲ್ಲ. ಬಾಯಿರುಚಿ ಕೆಟ್ಟು ಊಟ ಕಡಿಮೆಯಾದರೆ ಸೀಳಿದ ಎದೆಮೂಳೆ ಕೂಡಲು ಬೇಕಾದ ಪ್ರೊಟೀನ್ ಸಿಗುವುದಿಲ್ಲ. ಬೇಳೆ, ಮೊಸರು, ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಅಥವಾ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯವಿದೆ: ಊಟ ಬಿಟ್ಟಾಗ ವಿಟಮಿನ್ ಕೆ ಕಡಿಮೆಯಾಗಿ, ಅದೇ ಡೋಸಿನಲ್ಲೇ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ ಏರಿ ರಕ್ತಸ್ರಾವವಾಗಬಹುದು. ತೂಕ ಇಳಿಸಲೆಂದು ಒಮ್ಮೆಲೇ ವಿಟಮಿನ್ ಕೆ ಹೆಚ್ಚಿರುವ ಸೊಪ್ಪು ತಿನ್ನಲು ಶುರುಮಾಡಿದರೆ ಐಎನ್‌ಆರ್ ಕುಸಿದು ಮೆಟಲ್ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಅಷ್ಟಷ್ಟೇ ಇರಲಿ. ಊಟದ ಕ್ರಮ ಬದಲಾದರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರನ್ನು ಕೇಳಿ ಐಎನ್‌ಆರ್ ಬೇಗ ಮಾಡಿಸಿ.

ವರ್ಷಗಳಲ್ಲಿ ಕೂಡುವ ಕೊಬ್ಬಿನ ಮಾತು ಬೇರೆ. ಮೈ ಬೆಳೆದರೂ ವಾಲ್ವ್ ಬೆಳೆಯುವುದಿಲ್ಲ. 165 ಸೆಂ.ಮೀ. ಎತ್ತರ, 58 ಕಿಲೋ ತೂಕದವರ ಮೈಯ ವಿಸ್ತೀರ್ಣ ಸುಮಾರು 1.63 ಚದರ ಮೀಟರ್. ರಕ್ತ ಹರಿಯಲು 1.5 ಚದರ ಸೆಂ.ಮೀ. ದಾರಿ ಇರುವ ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆ ರಕ್ತ ಹೊರಡುವ ಕಡೆಯದು) ಅವರಿಗೆ ಮೈಯ ಪ್ರತಿ ಚದರ ಮೀಟರಿಗೆ 0.92 ಚದರ ಸೆಂ.ಮೀ. ದಾರಿ ಕೊಡುತ್ತದೆ. ಅವರೇ 78 ಕಿಲೋ ಆದರೆ ಅದು 0.79. ಅಳತೆ 0.85ಕ್ಕಿಂತ ಕೆಳಗಿಳಿದರೆ ವಾಲ್ವ್ ಆ ಮೈಗೆ ಚಿಕ್ಕದಾಯಿತೆಂದೇ ಲೆಕ್ಕ, ಮೆಟ್ಟಿಲು ಹತ್ತುವಾಗ ಏದುಸಿರು ಬರಬಹುದು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೋಗುವಾಗ, ಹಾಕಿದ ವಾಲ್ವಿನ ವಿವರವಿರುವ ವಾಲ್ವ್ ಕಾರ್ಡ್ ಜೊತೆಗೆ ಆಪರೇಷನ್ ಸಮಯದ ತೂಕ, ಈಗಿನ ತೂಕ ಎರಡನ್ನೂ ಬರೆದುಕೊಂಡು ಹೋಗಿ.