ಬಿಸಿಲ ದಿನಗಳಲ್ಲಿ ಮನೆಯೊಳಗೇ ಕೈಕಾಲಿಗೆ ಕೆಲಸ

ಏಪ್ರಿಲ್, ಮೇ ಬಂತೆಂದರೆ ನಮ್ಮ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಒಂಬತ್ತರ ಮೇಲೆ ಹೊರಗೆ ಕಾಲಿಡಲಾಗುವುದಿಲ್ಲ. ವಾಕಿಂಗ್ ನಿಂತುಹೋಗುತ್ತದೆ, ಕೂಲರ್ ಮುಂದೆ ದಿನ ಕಳೆಯುತ್ತದೆ, ಕಾಲಿನ ಕಸುವು ಗೊತ್ತಾಗದಂತೆ ಇಳಿಯುತ್ತದೆ. ಜಿಮ್ಮಿಗೆ ಹೋಗಲು ಎಲ್ಲರಿಗೂ ಆಗುವುದಿಲ್ಲ, ಹೋಗಲೇಬೇಕೆಂದೂ ಇಲ್ಲ. ನನ್ನ ಕೇಳಿದರೆ ಮೊದಲು ಉಳಿಸಿಕೊಳ್ಳಬೇಕಾದ್ದು ನೆಲದ ಮೇಲೆ ಕೂತು, ಕೈ ಊರದೆ ಏಳುವ ಶಕ್ತಿ.

ನಮ್ಮ ಅತ್ತೆಯವರ ಕಾಲದಲ್ಲಿ ರೊಟ್ಟಿ ಬಡಿಯುವುದು, ಕಾಳು ಹಸನು ಮಾಡುವುದು, ಊಟ, ಎಲ್ಲ ನೆಲದ ಮೇಲೇ. ದಿನಕ್ಕೆ ಎಷ್ಟು ಸಲ ಕೂತು ಏಳುತ್ತಿದ್ದರೋ! ಈಗ ಗ್ಯಾಸ್ ಕಟ್ಟೆ, ಡೈನಿಂಗ್ ಟೇಬಲ್, ಸೋಫಾ. ಅನುಕೂಲ ನಿಜ, ಆದರೆ ತೊಡೆಗೆ ಕೆಲಸವೇ ಉಳಿದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ರಾತ್ರಿ ಊಟ ಇವತ್ತಿಗೂ ಪಡಸಾಲೆಯಲ್ಲಿ, ನೆಲದ ಮೇಲೆ. ಸೊಪ್ಪು ಸೋಸುವುದೂ ಅಲ್ಲೇ.

ಮೊಣಕಾಲು ನೋವಿದ್ದವರಿಗೆ, ಆಪರೇಷನ್ ಆದವರಿಗೆ ನೆಲಕ್ಕೆ ಕೂರುವ ಹಠ ಬೇಡ. ಗಾಲಿ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಅಂಚಿಗೆ ಸರಿದು ಕೂತು, ಪಾದ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಎದೆ ಮುಂದಕ್ಕೆ ಬಾಗಿಸಿ, ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ದೊಪ್ಪಂತ ಕೂರಬೇಡಿ. ಮನಸ್ಸಿನಲ್ಲೇ ಮೂರು ಎಣಿಸುತ್ತ ನಿಧಾನಕ್ಕೆ ಇಳಿಯಿರಿ, ತೊಡೆಗೆ ಆಗಲೇ ಚೆನ್ನಾಗಿ ಕೆಲಸ ಬೀಳುವುದು. ಮೊದಲು ಐದು ಸಲ, ರೂಢಿಯಾದ ಮೇಲೆ ಹತ್ತು. ಉಸಿರು ಬಿಗಿ ಹಿಡಿಯಬಾರದು.

ಹಾಲು ಕಾಯುವ ತನಕ ಹೇಗೂ ಒಲೆ ಮುಂದೆ ನಿಂತಿರುತ್ತೀರಿ, ಅಲ್ವಾ? ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡ ಬಿಗಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ತೋಳಿಗೆ ಗೋಡೆ ಸಾಕು. ಕೈ ಚಾಚಿದಷ್ಟು ದೂರ ನಿಂತು, ಅಂಗೈ ಊರಿ, ಗೋಡೆಯತ್ತ ಬಾಗಿ ಮತ್ತೆ ಹಿಂದಕ್ಕೆ ತಳ್ಳಿಕೊಳ್ಳಿ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮನೆಯೊಳಗೇ ಅಡ್ಡಾಡಿ. ಸಕ್ಕರೆ ಕಾಯಿಲೆ ಇದ್ದವರು ಇದನ್ನು ಬಿಡಲೇಬಾರದು, ಉಂಡ ಮೇಲೆ ಏರುವ ಸಕ್ಕರೆಯನ್ನು ನಡಿಗೆ ತಗ್ಗಿಸುತ್ತದೆ. ಫೋನ್ ಬಂದರೂ ಸುಮ್ನೆ ಕೂರಬೇಡಿ, ಓಡಾಡುತ್ತಲೇ ಮಾತಾಡಿ.

ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಷ್ಟು ಶ್ರಮ, ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲು ಒಂದೇ ಸಮನೆ 10 ನಿಮಿಷವಾದರೂ ಮಾಡಬೇಕು ಎನ್ನುತ್ತಿದ್ದರು. 2020ರಲ್ಲಿ ಆ ಮಾತು ತೆಗೆದರು. ನನಗೆ ಇದು ದೊಡ್ಡ ಸಮಾಧಾನ. ಐದು ನಿಮಿಷ ತಿಕ್ಕಿ ನೆಲ ಒರೆಸಿದ್ದೂ ಲೆಕ್ಕಕ್ಕೆ ಬರುತ್ತದೆ. ಮನೆಯ ಗಂಡಸರಿಗೂ ಕಸಬರಿಗೆ ಕೊಡಿ, ಅವರಿಗೂ ಈ ಶ್ರಮ ಬೇಕು.

ಮಾಳಿಗೆ ಮೆಟ್ಟಿಲು ಹತ್ತಿ ಇಳಿಯುವುದಿದ್ದರೆ ಹೊತ್ತು ಹುಟ್ಟುವ ಮುಂಚೆ ಮುಗಿಸಿ, ಕಂಬಿ ಹಿಡಿದೇ ಇಳಿಯಿರಿ. ಧಗೆ ಜಾಸ್ತಿ ಇದ್ದ ದಿನ ನಡುನಡುವೆ ನೀರು, ಮಜ್ಜಿಗೆ ಕುಡಿಯಿರಿ. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ಅಲ್ಲಿಗೇ ನಿಲ್ಲಿಸಿ, ತಡ ಮಾಡದೆ ಡಾಕ್ಟರಿಗೆ ತೋರಿಸಿ.