ಗುಂಡಿ ಒತ್ತಿ ನೋಡಿ ಕೊಂಡ ವಾಚು

ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಪಿಟಿ ಮೇಷ್ಟ್ರು. ದಿನಕ್ಕೆ ನಲವತ್ತು ಐವತ್ತು ಸಲ ವಾಚಿನ ಗುಂಡಿ ಒತ್ತುತ್ತೇನೆ. ಹುಡುಗರು ಸುತ್ತು ಮುಗಿಸಿದಾಗ ಒಮ್ಮೆ, ಸುಧಾರಿಸಿಕೊಳ್ಳಲು ಬಿಟ್ಟಾಗ ಒಮ್ಮೆ. ನೂರು ಮೀಟರ್ ಓಟಕ್ಕೆ ಡಿಜಿಟಲ್ ಸ್ಟಾಪ್‌ವಾಚೇ ಬೇಕು, ಬಿಡಿ. ಉಳಿದದ್ದಕ್ಕೆಲ್ಲ ಕೈಯಲ್ಲಿರುವ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚೂ ಸೇರಿರುವ ಮುಳ್ಳಿನ ವಾಚು, ಸಾಕು.

ನನ್ನ ಮೊದಲ ಕ್ರೋನೋಗ್ರಾಫನ್ನು ಫೋಟೋ ನೋಡಿ ತರಿಸಿದ್ದೆ. ದೊಡ್ಡ ಡಯಲು, ಮೂರು ಸಣ್ಣ ಡಯಲು, ಫಳಫಳ ಹೊಳೆಯುವ ಕೇಸು. ಎರಡನೇ ಮಳೆಗಾಲ ಬರುವಷ್ಟರಲ್ಲಿ ಬೆಲ್ಟ್ ಕೂರುವ ಕಿವಿಗಳ ಒಳಬದಿಯಲ್ಲಿ ಲೇಪ ಎದ್ದಿತು. ಕೆಳಗೆ ಹಳದಿ ಹಿತ್ತಾಳೆ. ಬೆವರು, ಮಳೆ ಎರಡೂ ಸೇರಿ ಅಲ್ಲಿ ಕಿಲುಬು ಕಟ್ಟಿತು. ಹುಣಸೆಹಣ್ಣು ಕಾಣದ ತಂಬಿಗೆಗೆ ಬರುತ್ತದಲ್ಲ, ಅದೇ ಹಸಿರು. ಮಣಿಕಟ್ಟಿನ ಮೇಲೂ ಹಸಿರು ಗೆರೆ. ಆಗ ವಾಚು ತಿರುಗಿಸಿ ಓದಿದೆ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತ ಕೆತ್ತಿತ್ತು. ಅಂದರೆ ಸ್ಟೀಲು ಬೆನ್ನಿನ ಮುಚ್ಚಳಕ್ಕೆ ಮಾತ್ರ! ಪೂರ್ತಿ ಸ್ಟೀಲಿನದಾದರೆ ಸಾಮಾನ್ಯವಾಗಿ ‘ಆಲ್ ಸ್ಟೇನ್‌ಲೆಸ್ ಸ್ಟೀಲ್’ ಅಂತಲೋ ‘316ಎಲ್’ (ಸ್ಟೀಲಿನ ಒಂದು ಬಗೆ) ಅಂತಲೋ ಹಾಕಿರುತ್ತಾರೆ. ಈ ಒಂದು ಸಾಲನ್ನು ದುಡ್ಡು ಕೊಡುವ ಮೊದಲೇ ಓದಬೇಕಿತ್ತು.

ಆದರೆ ಆ ವಾಚಿನಿಂದಲೇ ಒಂದು ಕೆಲಸ ಕಲಿತೆ. ಸೆಲ್ ಹಾಕಿಸಿಕೊಂಡು ಬಂದ ಮೇಲೆ, ಗುಂಡಿ ಒತ್ತಿದಾಗ ಸೆಕೆಂಡ್ ಎಣಿಸುವ ಉದ್ದ ಮುಳ್ಳು ಸೊನ್ನೆಗೆ ಬರದೆ 58ರಲ್ಲಿ ನಿಲ್ಲುತ್ತಿತ್ತು. ‘ಇದು ಹೀಗೇ ಸಾರ್’ ಅಂದರು ಅಂಗಡಿಯವರು. ಹಾಗೇನಿಲ್ಲ. ಕೀಯನ್ನು ಎರಡನೇ ಹಂತದವರೆಗೆ ಹೊರಗೆ ಎಳೆದು ಮೇಲಿನ ಗುಂಡಿ ಒತ್ತಿದೆ. ಒಂದು ಒತ್ತಿಗೆ ಒಂದು ಹೆಜ್ಜೆ. ಮುಳ್ಳನ್ನು ಸೊನ್ನೆಗೆ ತಂದು, ಗಂಟೆ ಸರಿ ಮಾಡಿ, ಕೀ ಒಳಗೆ ತಳ್ಳಿದೆ. ಮೋಟಾರಿನಿಂದ ಮುಳ್ಳು ತಿರುಗುವ ತುಂಬಾ ಕ್ವಾರ್ಟ್ಜ್ (ಸೆಲ್ಲಿನಿಂದ ನಡೆಯುವ) ಕ್ರೋನೋಗ್ರಾಫ್‌ಗಳಲ್ಲಿ ಇದೇ ದಾರಿ.

ಎರಡನೇ ವಾಚಿಗೆ ಶಿವಮೊಗ್ಗದ ನೆಹರೂ ರಸ್ತೆಗೆ ನಾನೇ ಹೋದೆ. ಜೇಬಿನಲ್ಲಿ ಸಣ್ಣ ಭೂತಗನ್ನಡಿ ಇತ್ತು. ಒಂಬತ್ತು ಸಾವಿರದೊಳಗೆ ಸಿಕ್ಕ ನಾಲ್ಕೈದು ವಾಚುಗಳನ್ನು ಕೌಂಟರಿನ ಮೇಲೆ ಇಡಿಸಿಕೊಂಡು ಒಂದು ಗಂಟೆ ಕೂತೆ. ಬರೀ ಕಣ್ಣಿಗೆ ಎಲ್ಲವೂ ಒಂದೇ ಥರ ಚಂದ. ಭೂತಗನ್ನಡಿ ಹಿಡಿದಾಗ ಬೇರೆ ಬೇರೆ. ಒಂದರಲ್ಲಿ ಅಂಕಿಯ ಬಣ್ಣ ಅಂಚಿನಲ್ಲಿ ಕದಡಿತ್ತು. ಇನ್ನೊಂದರಲ್ಲಿ ನಿಮಿಷದ ಮುಳ್ಳು ಗೆರೆಯವರೆಗೆ ತಲುಪುತ್ತಲೇ ಇರಲಿಲ್ಲ. ಡಯಲು ದೊಡ್ಡದು, ಮುಳ್ಳು ಗಿಡ್ಡ. ನಾನು ಆರಿಸಿದ ವಾಚಿನಲ್ಲಿ ಸಣ್ಣ ಡಯಲುಗಳು ಕೂದಲೆಳೆಯಷ್ಟು ತಗ್ಗಿನಲ್ಲಿದ್ದವು. ಅವುಗಳ ಒಳಗೆ ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತು ಗೆರೆಗಳು. ಬೆಳಕಿಗೆ ಓರೆ ಹಿಡಿದರೆ ಆ ಗೆರೆಗಳ ಮೇಲೆ ಬೆಳಕು ಬೀಸಣಿಗೆಯಂತೆ ತಿರುಗುತ್ತದೆ. ಅಷ್ಟು ನೋಡಿಯೇ ಮನಸ್ಸು ಸೋತಿತು.

ಆದರೆ ತೀರ್ಮಾನ ಮಾಡಿದ್ದು ಗುಂಡಿ ಒತ್ತಿದ ಮೇಲೆ. ಕ್ರೋನೋಗ್ರಾಫಿನ ಗಟ್ಟಿತನ ಬೆರಳಿಗೆ ಗೊತ್ತಾಗುತ್ತದೆ. ಸಡಿಲ ಗುಂಡಿ ಅಕ್ಕಪಕ್ಕ ಅಲ್ಲಾಡುತ್ತದೆ, ಒತ್ತಿದರೆ ಹಿಟ್ಟಿಗೆ ಬೆರಳು ಇಟ್ಟ ಹಾಗೆ ಮೆತ್ತಗೆ ಒಳಗೆ ಹೋಗುತ್ತದೆ. ಮುಳ್ಳು ಯಾವಾಗ ಹೊರಟಿತು ಅಂತ ಕಣ್ಣಿನಿಂದಲೇ ನೋಡಬೇಕು. ಓಡುವ ಹುಡುಗನ ಮೇಲೆ ಕಣ್ಣಿಟ್ಟವನಿಗೆ ಅದು ಆಗುವ ಮಾತಲ್ಲ. ಈ ವಾಚಿನ ಗುಂಡಿ ಸ್ವಲ್ಪ ತಡೆದು, ಆಮೇಲೆ ‘ಟಕ್’ ಅನ್ನುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಉದ್ದ ಮುಳ್ಳು ಎಲ್ಲಿದ್ದರೂ ಒಂದೇ ಏಟಿಗೆ ಹನ್ನೆರಡಕ್ಕೆ ಹಾರಿ ಬರುತ್ತದೆ.

ಒಳಗಿರುವುದು ಜಪಾನಿನ ಸೈಕೋ ಕಂಪನಿಯವರ ವಿಕೆ63 ಯಂತ್ರ, ಮೆಕಾ-ಕ್ವಾರ್ಟ್ಜ್ ಅನ್ನುವ ಜಾತಿ. ಗಂಟೆ ನಿಮಿಷ ನಡೆಸುವುದು ಮಾಮೂಲಿ ಕ್ವಾರ್ಟ್ಜ್, ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು. ಆದರೆ ಮುಳ್ಳನ್ನು ಸೊನ್ನೆಗೆ ತರುವುದು ಮೋಟಾರಲ್ಲ, ಪುಟ್ಟ ಸುತ್ತಿಗೆಯಂಥ ಒಂದು ಸನ್ನೆ. ಅದು ಹೃದಯದ ಆಕಾರದ ತುಣುಕಿಗೆ ಬಡಿಯುತ್ತದೆ. ಹಾಗಾಗಿಯೇ ಆ ಜಿಗಿತ. ಓಡುವಾಗಲೂ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತದೆ, ಹರಿದ ಹಾಗೆ ಕಾಣುತ್ತದೆ. ಅಪ್ಪನ ಹಳೇ ಎಚ್‌ಎಂಟಿ ಜನತಾದ ಸೆಕೆಂಡ್ ಮುಳ್ಳಿನ ನಡಿಗೆ ನೆನಪಾಗುತ್ತದೆ.

ಅಂಚಿನ ಟ್ಯಾಕಿಮೀಟರ್ ಅಂಕಿಗಳನ್ನು, ಅಂದರೆ ವೇಗ ಅಳೆಯುವ ಅಂಕಿಗಳನ್ನು, ಕೆತ್ತಿ ಬಣ್ಣ ತುಂಬಿದ್ದಾರೆ, ಉಗುರಿಗೆ ಸಿಗುತ್ತದೆ. ಒಂದು ಕಿಲೋಮೀಟರಿಗೆ 45 ಸೆಕೆಂಡ್ ಹಿಡಿದರೆ ಮುಳ್ಳು 80 ತೋರಿಸುತ್ತದೆ, ಅಂದರೆ ಗಂಟೆಗೆ 80 ಕಿಲೋಮೀಟರ್. ಅಂಕಿಗಳು 60ಕ್ಕೆ ಮುಗಿಯುತ್ತವೆ. ಅದಕ್ಕಿಂತ ನಿಧಾನವಾಗಿ ಹೋಗುವ ಆಗುಂಬೆ ಘಾಟಿಯ ಬಸ್ಸಿಗೆ ಇದರ ಲೆಕ್ಕ ಹತ್ತುವುದಿಲ್ಲ.

ನಮ್ಮ ಕಡೆ ಮಳೆಗೆ ತಡೆದರೆ ಮಾತ್ರ ಅದು ಗಟ್ಟಿ ವಾಚು, ಅಲ್ವಾ? ಜೊತೆಗೆ ಬಂದ ಚರ್ಮದ ಬೆಲ್ಟಿಗೆ ಜುಲೈನಲ್ಲೇ ಬಿಳಿ ಬೂಷ್ಟು ಹಿಡಿಯಿತು. ತೆಗೆದು ನೈಲಾನ್ ಬೆಲ್ಟ್ ಹಾಕಿದೆ. ಕಿವಿಗಳ ನಡುವೆ 20 ಮಿಲಿಮೀಟರ್ ಇದೆ, ಬೆಲ್ಟ್ ಎಲ್ಲಿ ಬೇಕಾದರೂ ಸಿಗುತ್ತದೆ. ನೀರು ತಡೆಯುವ ಲೆಕ್ಕಕ್ಕೆ 50 ಮೀಟರ್ ಅಂತ ಬರೆದಿದ್ದರೂ ಒದ್ದೆಯಾಗಿದ್ದಾಗ ಗುಂಡಿ ಒತ್ತುವುದಿಲ್ಲ, ಒಳಗಿನ ರಬ್ಬರ್ ರಿಂಗಿನ ಪಕ್ಕದಲ್ಲಿ ನೀರು ನುಸುಳಬಹುದು. ಮೊದಲು ಪಂಚೆಯ ತುದಿಯಲ್ಲಾದರೂ ಒರೆಸುತ್ತೇನೆ.

ಮಳೆಗಾಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡುತ್ತೇನೆ. ವಾಚನ್ನು ಟೇಬಲ್ ಲ್ಯಾಂಪಿನ ಕೆಳಗೆ ಬೆಚ್ಚಗಾಗಲು ಬಿಟ್ಟು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಇಡುತ್ತೇನೆ. ಒಂದು ನಿಮಿಷ ಬಿಟ್ಟು ಒರೆಸಬೇಕು. ಒಳಗೆ ತೇವ ಇದ್ದರೆ ಹನಿ ಇದ್ದ ಜಾಗದಲ್ಲಿ ಗಾಜಿನ ಒಳಬದಿಗೆ ಮಂಜು ಕಟ್ಟುತ್ತದೆ. ಈ ಸಲ ಸೆಲ್ ಬದಲಿಸುವಾಗ ಬೆನ್ನಿನ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿಸಿದ್ದೆ. ಹನಿ ಒರೆಸಿ ನೋಡಿದೆ. ಕೆಳಗೆ ಡಯಲಿನ ಸುತ್ತು ಗೆರೆಗಳೆಲ್ಲ ಸ್ವಚ್ಛವಾಗಿ ಕಂಡವು.