ವಂಶಾವಳಿ ಬರೆಯೋದು ಹೇಗೆ: ಕೊಟ್ಟ ಹೆಣ್ಣುಮಕ್ಕಳನ್ನೂ ಸೇರಿಸಿ

ಇಂಟರ್ನೆಟ್‌ನಲ್ಲಿ ಸಿಗುವ ಫ್ಯಾಮಿಲಿ ಟ್ರೀ ಟೆಂಪ್ಲೇಟ್ ಡೌನ್‌ಲೋಡ್ ಮಾಡಬೇಡಿ. ಮೇಲೆ ಒಂದು ಜೋಡಿ, ಕೆಳಗೆ ಕೊಂಬೆ, ಕೊಂಬೆಗೊಂದು ಫೋಟೊ, ಅಷ್ಟೇ ಅದರಲ್ಲಿ ಇರೋದು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಸಂಬಂಧ ಬರೀ ಕೆಳಕ್ಕೆ ಇಳಿಯುವುದಿಲ್ಲ, ತಿರುಗಿ ಅದೇ ಮನೆಗೆ ಬರುತ್ತದೆ. ಅಕ್ಕನ ಮಗಳನ್ನು ತಂದುಕೊಂಡವನಿಗೆ ಅಕ್ಕನೇ ಹೆಣ್ಣು ಕೊಟ್ಟ ಅತ್ತೆ. ಅವನ ಮಕ್ಕಳಿಗೆ ಆಕೆ ಅಪ್ಪನ ಕಡೆಯಿಂದ ಅತ್ತಿ, ಅವ್ವನ ಕಡೆಯಿಂದ ಆಯಿ. ಟೆಂಪ್ಲೇಟ್‌ನಲ್ಲಿ ಆಕೆಯ ಫೋಟೊ ಎಲ್ಲಿ ಅಂಟಿಸ್ತೀರಿ?

ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ತಗೊಳ್ಳಿ. ಪೆನ್ನು ಬೇಡ, ಅಳಿಸುವ ಕೆಲಸ ಜಾಸ್ತಿ ಇರುತ್ತದೆ. ಗಂಡಿಗೆ ತ್ರಿಕೋನ, ಹೆಣ್ಣಿಗೆ ದುಂಡನೆಯ ಸೊನ್ನೆ, ಮದುವೆಗೆ ಸಮ ಚಿಹ್ನೆ, ಒಡಹುಟ್ಟಿದವರನ್ನು ಸೇರಿಸಲು ತಲೆಯ ಮೇಲೆ ಅಡ್ಡಗೆರೆ, ತೀರಿಕೊಂಡವರ ಗುರುತಿಗೆ ಒಂದು ಓರೆ ಗೆರೆ. ಮಾನವಶಾಸ್ತ್ರದವರು ಬಳಸುವ ಗುರುತು ಇವು. ವೈದ್ಯರಿಗೆ ತೋರಿಸಲು ಬರೆಯುತ್ತಿದ್ದರೆ ಮಾತ್ರ ಗಂಡಿಗೆ ಚೌಕ ಹಾಕಿ, ರಕ್ತಸಂಬಂಧದೊಳಗೆ ಆದ ಮದುವೆಗೆ ಜೋಡಿ ಗೆರೆ ಎಳೆಯಿರಿ, ಅವರು ಮೊದಲು ಹುಡುಕುವುದೇ ಆ ಜೋಡಿ ಗೆರೆಯನ್ನು. ಹಾಳೆಯ ನಡುವೆ ನೀವು. ಮೇಲಿನ ತುದಿಯಲ್ಲಿ ಮೂಲಪುರುಷನನ್ನು ಕೂರಿಸಿ ಶುರು ಮಾಡಿದರೆ ಅವ್ವನ ತವರಿಗೆ ಜಾಗವೇ ಉಳಿಯುವುದಿಲ್ಲ.

ಇನ್ನು ಹಿರಿಯರನ್ನು ಕೇಳುವುದು. ಇಲ್ಲಿ ಒಂದು ಹಳೇ ಉಪಾಯ ಇದೆ. ಡಬ್ಲ್ಯು. ಎಚ್. ಆರ್. ರಿವರ್ಸ್ ಅನ್ನುವ ಇಂಗ್ಲಿಷ್ ವೈದ್ಯ 1898ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟೊರೆಸ್ ಜಲಸಂಧಿಯ ದ್ವೀಪಗಳಿಗೆ ಹೋಗಿದ್ದ. ಅಲ್ಲಿ ಅಣ್ಣ, ಕಾಕಾ ಎಂಬಂಥ ಮಾತುಗಳನ್ನು ನಂಬಿ ಕೂತರೆ ಲೆಕ್ಕ ತಪ್ಪುತ್ತದೆ ಅಂತ ಅವನಿಗೆ ಗೊತ್ತಾಯಿತು. ಹಾಗಾಗಿ ಐದೇ ಮಾತು ಇಟ್ಟುಕೊಂಡ: ಅಪ್ಪ, ಅವ್ವ, ಮಗು, ಗಂಡ, ಹೆಂಡತಿ. ಅಪ್ಪ ಅಂದರೆ ಹುಟ್ಟಿಸಿದವನು, ಅವ್ವ ಅಂದರೆ ಹೆತ್ತವಳು, ಬೇರೆ ಯಾರೂ ಅಲ್ಲ. ನಮ್ಮ ಕಡೆ ಇದು ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ:

"ಅಂವಾ ನಮ್ಮ ತಮ್ಮನ ಆಗಬೇಕವಾ."

"ಆಯಿ, ಅಂವನ್ನ ಹಡದಾಕಿ ಯಾರು?"

"ನಮ್ಮ ಚಿಗವ್ವ."

"ಚಿಗವ್ವನ್ನ ಹಡದಾಕಿ?"

"ನಮ್ಮ ಅವ್ವನ ಅವ್ವನ."

ಆಯಿತು, ತಮ್ಮ ಅಂದಿದ್ದು ಚಿಗವ್ವನ, ಅಂದರೆ ಅವ್ವನ ತಂಗಿಯ ಮಗ. ಹೀಗೆ ಹಡೆದವರನ್ನೇ ಹಿಡಿದು ಹೋದರೆ ಹೆಣ್ಣುಮಕ್ಕಳು ತಾವಾಗಿಯೇ ಹಾಳೆಗೆ ಬರುತ್ತಾರೆ. "ನಿಮಗೆ ಎಷ್ಟು ಜನ ಮಕ್ಕಳು" ಅಂತ ಕೇಳಿದರೆ ಕೆಲವು ಮುತ್ಯಾಗಳು ಗಂಡುಮಕ್ಕಳನ್ನಷ್ಟೇ ಎಣಿಸಿ ಹೇಳುತ್ತಾರೆ, ಕೂಸಾಗಿ ತೀರಿಹೋದವರನ್ನಂತೂ ಎಣಿಸುವುದೇ ಇಲ್ಲ. ಬೇರೆಬೇರೆಯಾಗಿ ಕೇಳಿ.

ಇಸವಿ ಕೇಳಬೇಡಿ, ನೆನಪಿರುವುದಿಲ್ಲ. 1972ರ ಬರಗಾಲದ ಮೊದಲೋ ಆಮೇಲೋ, ಇಂದಿರಾ ಗಾಂಧಿ ತೀರಿಹೋದಾಗ ಕೂಸು ಎಷ್ಟು ದೊಡ್ಡದಿತ್ತು, ಆಲಮಟ್ಟಿ ಹಿನ್ನೀರಿಗೆ ಊರು ಬಿಡುವಾಗ ಯಾರು ಇದ್ದರು, ಹೀಗೆ ಕೇಳಿ. ಮುಳುಗಡೆ ಊರಿನವರಾದರೆ ಹಳೇ ಊರು, ಪುನರ್ವಸತಿ ಕೇಂದ್ರ ಎರಡೂ ಬರೆದುಕೊಳ್ಳಿ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಹಿಂದಿನ ಕಾಗದದಲ್ಲಿ ಊರು ವಿಜಾಪುರ ಜಿಲ್ಲೆಯಲ್ಲೇ ಇರುತ್ತದೆ.

ಬಾಯಿಮಾತು ಮುಗಿದ ಮೇಲೆ ಅಡಿಗೆಮನೆಗೆ ಹೋಗಿ. ತಮಾಷೆ ಅಲ್ಲ. ಹಳೇ ಕೊಡ, ತಂಬಿಗೆ, ಪರಾತಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮದುವೆಗೆ ಆಯೇರಿ ಮಾಡಿದವರು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ, ಕೆಲವದರ ಮೇಲೆ ತಾರೀಖೂ ಇರುತ್ತದೆ. ತವರಿನಿಂದ ಬಂದ ಪಾತ್ರೆಯಲ್ಲಿ ಸೋದರಮಾವನ ಹೆಸರು ಅಡ್ಡಹೆಸರಿನ ಸಮೇತ ಸಿಕ್ಕರೆ ಅವ್ವನ ಕಡೆಯ ಒಂದು ಇಡೀ ಸಾಲು ತೆರೆದುಕೊಳ್ಳುತ್ತದೆ. ಹಳೇ ಲಗ್ನಪತ್ರಿಕೆಯ ಕೆಳಗಿನ ಸಣ್ಣ ಅಕ್ಷರಗಳನ್ನೂ ಬಿಡಬೇಡಿ.

ನಿಮ್ಮ ಊರಿಗೆ ಹೆಳವರು ಬರುತ್ತಾರಾ ವಿಚಾರಿಸಿ. ಮೊದಲು ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು. ರೈತರ ಮನೆ ಮುಂದೆ ನಿಂತು ಆ ಮನೆತನದ ಮೂಲ ಯಾವುದು, ಯಾವ ಊರಿಂದ ಎಲ್ಲಿಗೆ ಬಂದರು, ಯಾರ ಮಗ ಯಾರು ಅಂತ ತಲೆಮಾರುಗಟ್ಟಲೆ ಹೇಳಿ ಕಾಳು, ಹಣ ಪಡೆಯುತ್ತಿದ್ದರು. ಕೈಬರಹದ ಪುಸ್ತಕ ಇಟ್ಟುಕೊಂಡವರೂ ಇದ್ದಾರೆ. ಆಳಕ್ಕೆ ಹೋಗಲು ಇವರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಅವರು ಹಿಡಿಯುವುದು ಮುಖ್ಯವಾಗಿ ಗಂಡುಮಕ್ಕಳ ಸಾಲು. ಸೊನ್ನೆಗಳನ್ನು ನೀವೇ ತುಂಬಬೇಕು.

ಎಲ್ಲ ಹೆಸರು ಕೂತ ಮೇಲೆ ಬಣ್ಣದ ಪೆನ್ಸಿಲ್ ತೆಗೆಯಿರಿ. ಈಗ ಕೇಳಿ, ಇವರನ್ನು ನೀವು ಏನಂತ ಕರೀತೀರಿ? ಕಾಕಾ, ದೊಡ್ಡಪ್ಪ, ಚಿಗವ್ವನ ಮಕ್ಕಳು ಅಣ್ಣ-ತಮ್ಮ, ಅಕ್ಕ-ತಂಗಿ, ಅವರಿಗೆ ನೀಲಿ. ಅತ್ತಿ ಮಕ್ಕಳು, ಮಾಮಾನ ಮಕ್ಕಳು ಕೊಟ್ಟು ತರುವ ಸಂಬಂಧ, ಅವರಿಗೆ ಕೆಂಪು. ಬೀಗರೆಲ್ಲ ಬಹುಪಾಲು ಕೆಂಪಿನಲ್ಲೇ ಸಿಗುತ್ತಾರೆ. ನ್ಯೂಯಾರ್ಕಿನ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಅಮೆರಿಕದ ಇರೊಕ್ವಾ ಜನರಲ್ಲಿ ಇದಕ್ಕೆ ತುಂಬ ಹತ್ತಿರದ ವಿಂಗಡಣೆ ಕಂಡಿದ್ದ, ಅಲ್ಲೂ ಅಪ್ಪನ ತಮ್ಮ ಅಪ್ಪನೇ. ಅದನ್ನು ತಮಿಳು, ತೆಲುಗು, ಕನ್ನಡದವರ ಪದ್ಧತಿಯ ಜೊತೆಗಿಟ್ಟು 1871ರಲ್ಲಿ ಪ್ರಕಟಿಸಿದ. ಇದರಿಂದ ಅಮೆರಿಕದ ಆ ಮೂಲಜನ ಏಷ್ಯಾದಿಂದಲೇ ಹೋದವರು ಅಂತ ಸಾಬೀತಾಯಿತು ಅಂದ, ಅದು ಮಾತ್ರ ಅತಿಯಾಯಿತು.

ಈ ಬಣ್ಣ ಎಲ್ಲರ ಹಾಳೆಗೂ ನಡೆಯಲ್ಲ. ವಿಜಯಪುರದ ನಿಮ್ಮ ಮುಸ್ಲಿಂ ಗೆಳೆಯರ ಮನೆಯಲ್ಲಿ ಕಾಕಾನ ಮಗಳನ್ನೂ ಮದುವೆಯಾಗಬಹುದು, ಆದರೆ ಅಕ್ಕನ ಮಗಳನ್ನು ಆಗುವಂತಿಲ್ಲ. ಉತ್ತರ ಭಾರತದ ಬಹಳಷ್ಟು ಹಿಂದೂ ಮನೆಗಳಲ್ಲಿ ಮಾಮಾನ ಮಗಳು ತಂಗಿ, ಮದುವೆಯ ಮಾತೆತ್ತಿದರೆ ಮುಖ ಕಿವುಚುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯೂ ಇಂಥ ಹತ್ತಿರದ ಮದುವೆಗಳನ್ನು ನಿಷೇಧಿಸುತ್ತದೆ, ರೂಢಿ ಇದ್ದಲ್ಲಿ ಮಾತ್ರ ವಿನಾಯಿತಿ. ನಮ್ಮದು ನಡೆದಿರುವುದು ಆ ವಿನಾಯಿತಿಯ ಮೇಲೆ.

ಬಾಯಿ ಬಿಗಿಯುವ ಜಾಗಗಳೂ ಬರುತ್ತವೆ. ಉಡಿಕಿ, ಅಂದರೆ ಮರುಮದುವೆ ಆದವರು, ದತ್ತಕ ಹೋದವರು, ಮನೆಅಳಿಯ ಬಂದವರು. ಬೆಳಗಾವಿ, ಬಾಗಲಕೋಟೆ ಕಡೆ ಕೆಲವು ಮನೆಗಳಲ್ಲಿ ಮುತ್ತು ಕಟ್ಟಿಸಿ ದೇವದಾಸಿ ಮಾಡಿದ ಹೆಣ್ಣುಮಕ್ಕಳು, ಅವರ ಮಕ್ಕಳು. ಆ ಪದ್ಧತಿಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ 1982ರಲ್ಲೇ ಬಂತು, ಆದರೆ ಆ ಮಕ್ಕಳು ನಿಮ್ಮ ವಂಶಾವಳಿಯಲ್ಲಿ ಇದ್ದೇ ಇರುತ್ತಾರೆ. ಅಪ್ಪನ ಜಾಗ ಖಾಲಿ ಬಿಟ್ಟರಾಯಿತು, ಮಗುವನ್ನು ಬಿಡಬೇಡಿ. ನೀಲಗಿರಿಯ ತೋಡರಲ್ಲಿ ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ ಇರುತ್ತಿದ್ದಳು, ಬಸುರಿಗೆ ಬಿಲ್ಲು-ಬಾಣ ಕೊಟ್ಟವನು ಮಗುವಿನ ಅಪ್ಪ. ಅದನ್ನೂ ಅದೇ ರಿವರ್ಸ್ ಹಾಳೆಯ ಮೇಲೆ ಇಳಿಸಿದ. ಹೇಳಿದವರು ಬೇಡ ಅಂದ ವಿಷಯವನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ನಿಮ್ಮ ಪ್ರತಿಯಲ್ಲಿರಲಿ.

ಮುತ್ಯಾನ ಹೆಸರೇ ಮೊಮ್ಮಗನಿಗೆ ಬರುವುದರಿಂದ ಒಂದೇ ಹಾಳೆಯಲ್ಲಿ ಮೂರು ಮಲ್ಲಪ್ಪ ಸಿಗುತ್ತಾರೆ. ಹೆಸರಿನ ಪಕ್ಕ ನಂಬರ್ ಹಾಕಿ.

ಕೊನೆಗೆ ನಾಡಕಚೇರಿಯ ವಂಶವೃಕ್ಷ. ಹೊಲದ ವಾರಸಾ ಮಾಡಿಸುವಾಗ ಬೇಕಾಗುತ್ತದೆ. ನಿಮ್ಮ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡೇ ಅರ್ಜಿ ತುಂಬಿ, ಕೊಟ್ಟ ಮನೆಯಲ್ಲಿರುವ ಅಕ್ಕ-ತಂಗಿಯರ ಹೆಸರೂ ಬರೆಸಿ. "ಅವರ ಲಗ್ನ ಆಗೇತಿ ಬಿಡ್ರಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆ ಆಗಿದ್ದರೂ. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾನೂನು ಪ್ರಕಾರ ವಾಟ್ನಿ, ಅಂದರೆ ಆಸ್ತಿ ಪಾಲು ಆಗಿದ್ದರೆ ಅದು ಬೇರೆ ಮಾತು. ಅಕ್ಕ-ತಂಗಿಯರು ತಾವಾಗಿಯೇ ಬೇಡ ಅಂದರೆ ಹಕ್ಕು ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಲಿ, ಹೆಸರು ಮಾತ್ರ ವಂಶವೃಕ್ಷದಲ್ಲಿ ಇರಲೇಬೇಕು.